ಹಡಗು ಹತ್ತದ ಸಾಗವಾನಿ

ಮುಧೋಳ ಅರಮನೆಯ ದರ್ಬಾರ್ ಹಾಲ್ ನೋಡಬೇಕೆನ್ನುವವರು ಮಣಿಪಾಲದ ಬಸ್ಸು ಹತ್ತಬೇಕು. ಘೋರ್ಪಡೆ ಅರಸರ ಕಾಲದ, 1816ರ ಆ ಸಭಾಂಗಣ ಈಗ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿದೆ. ಘಟಪ್ರಭೆಯ ಬಯಲಿನ ಒಣಬಿಸಿಲು ಕಂಡ ಮರ ಇಂದು ಕರಾವಳಿಯ ಮಳೆಗಾಲ ಕಳೆಯುತ್ತಿದೆ.

ಅದನ್ನು ಅಲ್ಲಿಗೆ ತಂದವರು ವಿಜಯನಾಥ ಶೆಣೈ. ಬ್ಯಾಂಕ್ ನೌಕರಿಯಲ್ಲಿದ್ದವರು. ಹಳೆಯ ಮನೆಗಳನ್ನು ಕೆಡವಿ ಕೆತ್ತನೆಯ ಮರವನ್ನು ಸೌದೆಯ ದರಕ್ಕೆ ಕೊಟ್ಟುಬಿಡುವುದನ್ನು ನೋಡಲಾರದೆ, ಬಿಚ್ಚಿದ ಬಾಗಿಲು, ಕಂಬ, ಬೋದಿಗೆಗಳನ್ನು ಕೂಡಿಹಾಕತೊಡಗಿದರು. ಮೊದಲು ಅವುಗಳಿಂದ ತಮ್ಮ ಮನೆ ಕಟ್ಟಿದರು, ಆಮೇಲೆ ಊರೂರಿನ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್ ಕೂಡ ಅಲ್ಲಿದೆ. 2017ರಲ್ಲಿ ಅವರು ತೀರಿಕೊಂಡರು. ಒಂದು ಮನೆಯನ್ನು ಊರು ಬಿಡಿಸಿ ಬೇರೆ ಊರಲ್ಲಿ ಬಾಳಿಸಬಹುದು ಎಂದು ತೋರಿಸಿಕೊಟ್ಟ ಅವರ ಸಾಹಸ ನನಗೆ ಪದೇ ಪದೇ ನೆನಪಾಗುವುದು ಮುಳುಗಡೆಯವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ. ಅಲ್ಲಿ ಮನೆಮನೆಯಲ್ಲೂ ಈಗ ಒಂದು ಪ್ರಶ್ನೆ: ಈ ಹಳೆಯ ಸಾಮಾನನ್ನು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಕಳಿಸಬಹುದೇ?

ಈ ಪ್ರಶ್ನೆಯ ಬೇರು ಒಂದೇ ವರ್ಷದ ಅಂತರದಲ್ಲಿ ನಡೆದ ಎರಡು ಆರಂಭಗಳಲ್ಲಿದೆ. 1963ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಕಾಲೇಜು ಊರಿನ ಮಕ್ಕಳನ್ನು ದೂರದ ದೇಶಗಳಿಗೆ ಕಳಿಸಿತು, ಅಣೆಕಟ್ಟೆ ಅವರ ತಾಯಿ ತಂದೆಯರನ್ನು ಹಳೆಯ ಮನೆಯಿಂದ ಎಬ್ಬಿಸಿತು. ಎರಡೂ ಊರಿಗೆ ಬೇಕಾದ ಕೆಲಸಗಳೇ. ನಡುವೆ ಅನಾಥವಾದದ್ದು ಮನೆಯೊಳಗಿನ ಮರ.

ನ್ಯಾಯಮಂಡಳಿ, ತಕರಾರು, ಎತ್ತರದ ಲೆಕ್ಕಗಳ ಕಥೆ ದೊಡ್ಡದು, ಎಲ್ಲರಿಗೂ ಗೊತ್ತಿರುವಂಥದು. ಹಿನ್ನೀರು ಊರಿಗೆ ಬರುವುದು ಖಚಿತವಾದಾಗ ನವನಗರಕ್ಕೆ ನಕ್ಷೆ ಬರೆದವರು ಚಾರ್ಲ್ಸ್ ಕೊರಿಯಾ. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅಣೆಕಟ್ಟೆಯನ್ನು ನಾಡಿಗೆ ಅರ್ಪಿಸಿದರು. ಈ ದಿನಾಂಕಗಳ ನಡುವೆ ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಬಡಿಗೇರರು ಮಾಳಿಗೆ ಬಿಚ್ಚಿದರು.

ಮಾಳಿಗೆ ಮನೆ ಬಿಚ್ಚುವುದೆಂದರೆ ಮೇಲ್ಮುದ್ದೆಯ ಮಣ್ಣು ಕೆದರಿ, ಜಂತಿ ಇಳಿಸಿ, ತೊಲೆ ಇಳಿಸಿ, ಕಡೆಗೆ ಪಡಸಾಲೆಯ ಕಂಬಕ್ಕೆ ಕೈ ಹಾಕುವುದು. ಗೋಡೆಯ ಗಿಳಿಗೂಟ, ಅಡಿಗೆಮನೆಯ ನಾಗೊಂದಿ, ಅಂಗಡಿಯ ಗಲ್ಲೆಪೆಟ್ಟಿಗೆ, ತೂಗುಮಂಚ, ತೊಟ್ಟಿಲು ಎಲ್ಲ ಟ್ರ್ಯಾಕ್ಟರ್ ಏರಿದವು. ಬಯಲುಸೀಮೆಯಲ್ಲಿ ಸಾಗವಾನಿ ಮನೆಮುಂದೆ ಬೆಳೆಯುವ ಮರವಲ್ಲ. ಪಡುವಣ ಕಾಡಿನಿಂದ ದುಡ್ಡು ಕೊಟ್ಟು ತರಿಸಿ, ಮೂರು ತಲೆಮಾರು ಎಣ್ಣೆ ತಿಕ್ಕಿ ಸಾಕಿದ್ದ ಮರ ಅದು. ನವನಗರದ ಸೆಕ್ಟರುಗಳ ಸಿಮೆಂಟ್ ಮನೆಗೆ ಬಂದಾಗ ಏಳಡಿ ಕಂಬಕ್ಕೆ ನಿಲ್ಲಲು ಪಡಸಾಲೆಯೇ ಇರಲಿಲ್ಲ. ಬಹಳ ಮನೆಗಳಲ್ಲಿ ಅವು ಹಿತ್ತಲಿನ ತಗಡಿನ ಕೆಳಗೆ ಮಲಗಿದವು.

ನನ್ನ ಸೋದರತ್ತೆಯ ಹಿತ್ತಲಲ್ಲಿಯೂ ಹಾಗೆ ಎರಡು ಕಂಬ, ಒಂದು ತೂಗುಮಂಚ ಇವೆ. ಹಳೆ ಸಾಮಾನಿನವನು ಬಂದು ದರ ಕೇಳಿದ ಸುದ್ದಿ ಮುಟ್ಟಿದ ಕೂಡಲೆ ಟೆಕ್ಸಾಸ್‌ನಿಂದ ಮಗಳ ಫೋನು: "ಯವ್ವಾ, ಅದನ್ನ ಮಾರಬ್ಯಾಡ. ನಾನು ಇಲ್ಲಿ ತರಿಸ್ಕೋತೀನಿ, ಎಷ್ಟರ ಖರ್ಚಾಗಲಿ." ಅತ್ತೆಯ ಉತ್ತರ: "ತಂಗೀ, ನೀ ಹೋಗೂ ಮುಂದ ಅದನ್ನ ಯಾಕ ಒಯ್ಯಲಿಲ್ಲ?"

ಆ ಮಾತಿಗೆ ಉತ್ತರ ಇದೆ. ಮೊದಲ ಅಲೆಯವರು ಒಯ್ಯುವ ಹಾಗೇ ಇರಲಿಲ್ಲ. ಅಮೆರಿಕ ತನ್ನ ವಲಸೆ ಕಾನೂನು ಸಡಿಲಿಸಿದ್ದು 1965ರಲ್ಲಿ. ಆ ಕಾಲದಲ್ಲಿ ಹೊರಟ ಡಾಕ್ಟರು, ಎಂಜಿನಿಯರುಗಳ ಕಿಸೆಯಲ್ಲಿ ಸರ್ಕಾರ ಒಪ್ಪಿದ 8 ಡಾಲರ್, ಕೈಯಲ್ಲಿ ಸೂಟ್‌ಕೇಸು. ಸೂಟ್‌ಕೇಸಿನಲ್ಲಿ ಇಳಕಲ್ ಸೀರೆ ಹಿಡಿಸಿತು, ಗುಳೇದಗುಡ್ಡದ ಖಣ ಹಿಡಿಸಿತು, ಮಂಚ ಹಿಡಿಸಲಿಲ್ಲ. ಮನೆಸಾಮಾನು ಕಡಲು ದಾಟುವುದು ಸಾಮಾನ್ಯ ಸಂಬಳದವರಿಗೂ ಎಟುಕುವಂತಾಗಲು ಕಂಟೇನರು ಬೇಕಾಯಿತು. 1956ರ ಏಪ್ರಿಲ್‌ನಲ್ಲಿ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಮಾಲೀಕ ಐಡಿಯಲ್ ಎಕ್ಸ್ ಹಡಗಿನಲ್ಲಿ 58 ಲೋಹದ ಪೆಟ್ಟಿಗೆಗಳನ್ನು ಸಾಗಿಸಿದ್ದೇ ಅದರ ಮೊದಲು. ಇಂದು 20 ಅಡಿಯ ಒಂದು ಕಂಟೇನರಿನಲ್ಲಿ ಸುಮಾರು 33 ಘನ ಮೀಟರ್ ಸಾಮಾನು ಹಿಡಿಸುತ್ತದೆ. ಅಷ್ಟು ಬೇಡದವರು ಬೇರೆಯವರ ಸಾಮಾನಿನ ಜೊತೆ ಘನ ಮೀಟರಿನ ಲೆಕ್ಕದಲ್ಲಿ ಜಾಗ ಕೊಳ್ಳುತ್ತಾರೆ. ಸಾಮಾನು ಕಟ್ಟುವ ಮರದ ಚೌಕಟ್ಟಿಗೂ ನಿಯಮವುಂಟು: ಹುಳ ಸಾಯುವಂತೆ ಒಳತಿರುಳಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಮುದ್ರೆ ಒತ್ತಿರಬೇಕು.

ಹಾಗಾದರೆ ಅತ್ತೆಯ ಕಂಬ ಹೋಗಬಹುದಲ್ಲ? ಅಡ್ಡ ನಿಲ್ಲುವುದು ವಯಸ್ಸು. ಪುರಾತನ ವಸ್ತುಗಳ ರಫ್ತಿಗೆ ಕಡಿವಾಣ ಹಾಕುವ ಪ್ರತ್ಯೇಕ ಕಾಯ್ದೆ ಬಂದದ್ದು ಸ್ವಾತಂತ್ರ್ಯ ಬಂದ 1947ರಲ್ಲೇ. ಅದರ ಜಾಗಕ್ಕೆ 1972ರಲ್ಲಿ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯ್ದೆ ಬಂತು, 1976ರ ಏಪ್ರಿಲ್ 5ರಿಂದ ಜಾರಿಯಾಯಿತು. ನೂರು ವರ್ಷ ತುಂಬಿದ ಕಲಾಕೃತಿ, ಕುಶಲ ಕೆಲಸದ ವಸ್ತು ದೇಶ ಬಿಡುವಂತಿಲ್ಲ. ಹಸ್ತಪ್ರತಿಗಾದರೆ 75 ವರ್ಷವೇ ಸಾಕು. ಮೀರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ. ಪುರಾತನ ವಸ್ತು ಯಾವುದೆಂದು ಹೇಳುವಾಗ ಆ ಕಾಯ್ದೆ ಕಟ್ಟಡದಿಂದ ಅಥವಾ ಗುಹೆಯಿಂದ ಕಿತ್ತು ಬೇರ್ಪಡಿಸಿದ ವಸ್ತುವನ್ನೂ ಬಿಡದೆ ಸೇರಿಸಿದೆ. ಗುಡಿಯಿಂದ ಕದ್ದ ಮೂರ್ತಿಯನ್ನು ಕಣ್ಣಲ್ಲಿಟ್ಟುಕೊಂಡು ಬರೆದ ಆ ಸಾಲು, ಮುಳುಗಡೆಯಾದ ಮನೆಯ ಪಡಸಾಲೆ ಕಂಬಕ್ಕೂ ಅನ್ವಯಿಸುತ್ತದೆ. ನೂರಾಗಿಲ್ಲ ಎನ್ನುವವರು ಫೋಟೊಗಳೊಂದಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಅರ್ಜಿ ಹಾಕಿ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು. ಮರ ಬೀಟೆಯಾದರೆ ಇನ್ನೊಂದು ಗಂಟು. 2017ರ ಜನವರಿಯಿಂದ ಬೀಟೆಯ ಕುಲವಿಡೀ ಅಂತರರಾಷ್ಟ್ರೀಯ ಒಪ್ಪಂದದ ಕಾವಲಿನಲ್ಲಿದೆ.

ನೂರು ವರ್ಷ ಎಂಬ ಇದೇ ಗೆರೆ ಅಮೆರಿಕದ ಸುಂಕದ ಪಟ್ಟಿಯಲ್ಲೂ ಇದೆ. ಆದರೆ ಅಲ್ಲಿ ನೂರು ದಾಟಿದ ವಸ್ತುವಿಗೆ ಆಮದು ಸುಂಕದಿಂದ ವಿನಾಯಿತಿ. ಇಲ್ಲಿ ಬಾಗಿಲು ಮುಚ್ಚುವ ವಯಸ್ಸೇ ಅಲ್ಲಿ ಬಾಗಿಲು ತೆರೆಯುತ್ತದೆ. ಅದಕ್ಕೇ ನಮ್ಮ ಕಾನೂನು ಬಿಗಿಯಾಗಿರಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಬಂದರಿನ ಬಾಗಿಲು ತೆರೆದಿದ್ದರೆ ಮುಳುಗಡೆಯ ಕೆತ್ತನೆಯೆಲ್ಲ ಬೇರೆ ದೇಶದ ಬಂಗಲೆಗಳ ಅಲಂಕಾರವಾಗಿರುತ್ತಿತ್ತು.

ನನ್ನ ಸಿಟ್ಟು ಬೇರೆ. ಬಂದರಿನಲ್ಲಿ ಇಷ್ಟು ಕಟ್ಟುನಿಟ್ಟಾದ ಕಾವಲಿದೆ, ನವನಗರದ ಹಿತ್ತಲಲ್ಲಿ ಯಾರ ಕಾವಲೂ ಇಲ್ಲ. ಟೆಕ್ಸಾಸ್‌ಗೆ ಹೋಗಬಾರದ ಕಂಬ ಗೆದ್ದಲಿಗೆ ಹೋಗಬಹುದು, ಒಲೆಗೆ ಹೋಗಬಹುದು, ಸೀಳಿ ಕಿಟಕಿಯ ಪಟ್ಟಿ ಮಾಡಬಹುದು. ಯಾರೂ ಕೇಳುವುದಿಲ್ಲ. ದೇಶದ ಸ್ವತ್ತು ಎಂದು ಹಡಗಿನಿಂದ ಇಳಿಸಿದ ಮೇಲೆ ಅದನ್ನು ಇಡುವ ಜಾಗವನ್ನೂ ದೇಶವೇ ತೋರಿಸಬೇಕಲ್ಲವೆ?

ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಆ ಜಾಗವಿದೆ. ಬಾದಾಮಿಯಲ್ಲಿ, ಹುನಗುಂದ ಸೀಮೆಯ ಐಹೊಳೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿವೆ. ಮರವನ್ನು ಮರೆತರೆ ಏನಾಗುತ್ತದೆಂದು ಹೇಳುವ ಗುಡಿಯೂ ಐಹೊಳೆಯಲ್ಲಿದೆ. ಲಾಡಖಾನ್ ಗುಡಿಯ ಚಾವಣಿಯ ಮೇಲೆ, ಚಪ್ಪಡಿಗಳ ಸಂದು ಮುಚ್ಚಲು ದಿಮ್ಮಿಯ ಆಕಾರದ ಉದ್ದುದ್ದ ಕಲ್ಲುಪಟ್ಟಿಗಳಿವೆ. ಮರದ ಕಟ್ಟಡಗಳ ರೀತಿಯನ್ನು ಚಾಲುಕ್ಯರ ಕಲ್ಲುಕುಟಿಗರು ಕಲ್ಲಿನಲ್ಲಿ ಮೂಡಿಸಿದ ಗುರುತದು ಎಂದು ವಿದ್ವಾಂಸರು ಓದುತ್ತಾರೆ. ಆ ಮರದ ಕಟ್ಟಡಗಳಲ್ಲಿ ಒಂದೂ ಉಳಿದಿಲ್ಲ. ನಾವು ಅವುಗಳನ್ನು ಕಲ್ಲಿನ ಅನುಕರಣೆಯಲ್ಲಿ ಮಾತ್ರ ನೋಡಬಲ್ಲೆವು.

ಕಡಲಾಚೆಯ ಮಕ್ಕಳಿಗೆ ಊರಿನ ಮರ ಬೇಕೇ ಬೇಕೆಂದರೆ ಒಳ್ಳೆಯ ದಾರಿಯೊಂದಿದೆ: ಹೊಸದನ್ನು ಮಾಡಿಸಿ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಇಂದಿಗೂ ಪುರಾಣದ ಚಿತ್ರ ಬರೆದ ಬಣ್ಣದ ತೊಟ್ಟಿಲು ಮಾಡುವವರಿದ್ದಾರೆ. ಹೊಸ ತೊಟ್ಟಿಲಿಗೆ ವಯಸ್ಸಿನ ತಡೆಯಿಲ್ಲ, ಕೊಟ್ಟ ದುಡ್ಡು ಬದುಕಿರುವ ಕೈಗೆ ಸೇರುತ್ತದೆ. ಅತ್ತೆಯ ಮಗಳಿಗೂ ಇದನ್ನೇ ಹೇಳಿದೆ. ಹಳೆಯದು ಇಲ್ಲಿರಲಿ, ಅಳತೆ ತೆಗೆದು ಅಂಥದೇ ಒಂದು ತೂಗುಮಂಚ ನಮ್ಮ ಬಡಿಗೇರರಿಂದ ಮಾಡಿಸಿ ಕಳಿಸೋಣ.

ಇದೆಲ್ಲ ಈಗಲೇ ಹೇಳಲು ಕಾರಣವಿದೆ. ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತದಲ್ಲಿ ಆಲಮಟ್ಟಿಯ ನೀರು 524.256 ಮೀಟರಿಗೆ ಏರಲಿದೆ. ಮತ್ತಷ್ಟು ಹಳ್ಳಿಗಳು, ಬಾಗಲಕೋಟೆಯ ಮತ್ತಷ್ಟು ಓಣಿಗಳು ಬಿಚ್ಚಿಕೊಳ್ಳಲಿವೆ. ಹೊಲಕ್ಕೆ, ಮನೆಗೆ, ಗಿಡಮರಕ್ಕೆ ಪರಿಹಾರದ ಪಟ್ಟಿ ಬರೆಯುವ ಅಧಿಕಾರಿಗಳು ಕೆತ್ತನೆಯ ಕಂಬ, ಚೌಕಟ್ಟು, ಮಂಚಗಳಿಗೂ ಒಂದು ಪುಟ ಇಡಲಿ. ಫೋಟೊ ತೆಗೆದು, ಅಳತೆ ಬರೆದು, ಯಾವ ಊರಿನ ಯಾವ ಓಣಿಯದೆಂದು ದಾಖಲಿಸಲಿ. ಮಾರಲು ಮನಸ್ಸಿದ್ದವರಿಂದ ಸರ್ಕಾರವೇ ನ್ಯಾಯದ ದರಕ್ಕೆ ಕೊಂಡು, ನವನಗರದಲ್ಲಿ ಒಂದು ಮಾಳಿಗೆ ಮನೆಯನ್ನಾದರೂ ಮರಳಿ ನಿಲ್ಲಿಸಲಿ. ಶೆಣೈಯವರು ಸಂಬಳದ ಮನುಷ್ಯರಾಗಿ ಆರಂಭಿಸಿದ ಕೆಲಸವನ್ನು ಒಂದು ಜಿಲ್ಲಾಡಳಿತ ಮಾಡಲಾರದೆ? ಹಾಗಾದರೆ ಅಮೆರಿಕದಿಂದ ಬಂದ ಮೊಮ್ಮಕ್ಕಳಿಗೆ ಅಜ್ಜನ ಮನೆ ಹೇಗಿತ್ತೆಂದು ತೋರಿಸಲು ನಾವು ಮಣಿಪಾಲದ ಬಸ್ಸು ಹತ್ತಬೇಕಾಗುವುದಿಲ್ಲ.