ಥೆರಪಿಗೆ ಹೋಗುವ ಮುಂಚೆ: ಜನರೆದುರು ಬಾಯಿ ಕಟ್ಟುವವರಿಗೆ ಒಂದಿಷ್ಟು ತಯಾರಿ

ಟೆಲಿ ಮನಸ್ ಸಹಾಯವಾಣಿಯ ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನದ 24 ಗಂಟೆಯೂ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಮಾರಿಕಣಿವೆಯಲ್ಲಿ ಕೂತಿರುವ ಹುಡುಗನಿಗೋ ಹುಡುಗಿಗೋ ಕೈಗೆಟುಕುವ ಮೊದಲ ಬಾಗಿಲು ಇದೇ. ಆದರೆ ಗೊತ್ತಿಲ್ಲದವರ ಜೊತೆ ಫೋನಲ್ಲಿ ಮಾತಾಡಬೇಕು ಅಂದರೇನೇ ಎದೆ ಹೊಡ್ಕೊಳ್ಳುವವರಿಗೆ ಆ ಐದು ಅಂಕಿ ಒತ್ತುವುದೇ ದೊಡ್ಡ ಕೆಲಸ. ಸೋಶಿಯಲ್ ಆಂಗ್ಸೈಟಿಯ ತೊಡಕು ಇದು. ಯಾವುದಕ್ಕೆ ಹೆದರುತ್ತೇವೋ ಚಿಕಿತ್ಸೆ ಅಲ್ಲಿಂದಲೇ ಶುರು: ಒಂದು ರೂಮು, ಎದುರಿಗೆ ಹೊಸಬರು, ಅವರು ನಮ್ಮನ್ನೇ ನೋಡ್ತಾ ಕೇಳುವ ಪ್ರಶ್ನೆಗಳು. ಅದಕ್ಕೇ ಹೋಗುವ ಮುಂಚೆ ಒಂದಿಷ್ಟು ತಯಾರಿ ಬೇಕು. ಧೈರ್ಯ ತಂದುಕೊಳ್ಳುವ ತಯಾರಿಯಲ್ಲ, ಅದು ಹೇಗೂ ಆಗಲ್ಲ.

ಮೊದಲು, ಇದು ಬರೀ ಸಂಕೋಚವಲ್ಲ. 'ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ, ಅಳೀತಿದ್ದಾರೆ' ಎಂಬ ಭಯ ತಿಂಗಳುಗಟ್ಟಲೆ ಉಳಿದು, ಅದರಿಂದ ಬದುಕು ಚಿಕ್ಕದಾಗುತ್ತಾ ಹೋದರೆ ಅದು ಕಾಯಿಲೆ. ವೈವಾ ದಿನ ಕಾಲೇಜು ತಪ್ಪಿಸುವುದು, ಮದುವೆ ಮನೆಯ ಪಂಕ್ತಿಯಲ್ಲಿ ಕೂರಲಾಗದೆ ಹಸಿದು ವಾಪಸ್ ಬರುವುದು, ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳದೆ ಇಳಿದುಬಿಡುವುದು. 2022ರಲ್ಲಿ 89 ವರ್ಷಗಳ ನಂತರ ಮಾರಿಕಣಿವೆ ಕೋಡಿ ಬಿದ್ದಾಗ ಎಲ್ಲೆಲ್ಲಿಂದಲೋ ಜನ ನೋಡಲು ಬಂದರು. 'ಜನ ಇರ್ತಾರೆ' ಅನ್ನುವ ಒಂದೇ ಕಾರಣಕ್ಕೆ ಹೋಗದೆ ಉಳಿಯುವವರ ಕಷ್ಟ ಯಾರ ಕಣ್ಣಿಗೂ ಬೀಳಲ್ಲ. ನಮ್ಮ ಕಡೆ ಇಂಥವರನ್ನು 'ಬಹಳ ಸಾಧು ಹುಡುಗಿ, ತಲೆ ಎತ್ತಿ ಮಾತಾಡಲ್ಲ' ಅಂತ ಹೊಗಳುವುದು ಬೇರೆ. ಹೊಗಳಿಕೆಯ ಕೆಳಗೆ ಕಾಯಿಲೆ ಆರಾಮಾಗಿ ಬೆಳೆಯುತ್ತದೆ.

ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಈ ಭಯಕ್ಕೆ ಚೆನ್ನಾಗಿ ಪರೀಕ್ಷೆಗೊಳಗಾದ ಚಿಕಿತ್ಸೆ. ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಮೊದಲ ಆಯ್ಕೆಯಾಗಿ ಹೇಳಿರುವುದು ಇದನ್ನೇ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಕೊಟ್ಟ ವಿವರಣೆ ಸರಳವಾಗಿದೆ. ಜನರೆದುರು ಹೋದ ತಕ್ಷಣ ನಮ್ಮ ಗಮನ ಒಳಕ್ಕೆ ತಿರುಗುತ್ತದೆ. ಎದೆಬಡಿತ, ಬೆವರು, ದನಿಯ ನಡುಕ ಇವಷ್ಟೇ ಗೊತ್ತಾಗುತ್ತವೆ. ಎದುರಿನವರ ಮುಖ ಕಾಣುವುದೇ ಇಲ್ಲ. ಒಳಗೆ ಅನಿಸಿದ್ದೆಲ್ಲ ಹೊರಗೂ ಹಾಗೇ ಕಾಣುತ್ತಿದೆ ಅಂದುಕೊಳ್ಳುತ್ತೇವೆ. ಅದನ್ನು ಮುಚ್ಚಲು ಉಪಾಯ ಹೂಡುತ್ತೇವೆ: ಕೊನೆಯ ಬೆಂಚು, ಸುಮ್ಮನೆ ಮೊಬೈಲ್ ನೋಡುವುದು, 'ಹಿರಿಯೂರು ಒಂದು' ಅಂತ ಟಿಕೆಟ್ ಕೇಳುವುದಕ್ಕೂ ಮನಸ್ಸಲ್ಲೇ ನಾಲ್ಕು ಸಲ ರಿಹರ್ಸಲ್. ಏನೂ ಅನಾಹುತ ಆಗದಿದ್ದರೆ 'ಉಪಾಯದಿಂದ ಬಚಾವಾದೆ' ಅನ್ನಿಸುತ್ತದೆಯೇ ಹೊರತು, ಅಪಾಯ ಇರಲೇ ಇಲ್ಲವೇನೋ ಅನ್ನಿಸುವುದಿಲ್ಲ. ಸಿಬಿಟಿಯಲ್ಲಿ ಆ ಉಪಾಯ ಬಿಟ್ಟು ಅದೇ ಕೆಲಸ ಮಾಡಿ, ಏನಾಗುತ್ತದೆ ಅಂತ ನೋಡುತ್ತಾರೆ. ಕೆಲವು ಸಲ ವಿಡಿಯೋ ಮಾಡಿ ತೋರಿಸುತ್ತಾರೆ; ನಾವಂದುಕೊಂಡಷ್ಟು ನಡುಕ ಅದರಲ್ಲಿ ಸಾಮಾನ್ಯವಾಗಿ ಕಾಣಲ್ಲ.

ಆದ್ದರಿಂದ ನೀವು ಒಯ್ಯಬೇಕಾದ ಮುಖ್ಯ ವಸ್ತು ಒಂದು ನೋಟ್‌ಬುಕ್. ಬಾಲ್ಯದಿಂದ ಬರೆಯುವುದು ಬೇಡ. ಕಳೆದ ಹದಿನೈದು ದಿನದಲ್ಲಿ ನಡೆದ ಎರಡು ಮೂರು ಘಟನೆ ಸಾಕು. ಹೋಗುವ ಮುಂಚೆ ಏನಾಗುತ್ತೆ ಅಂದುಕೊಂಡಿದ್ದಿರಿ, ಅದನ್ನು ನೂರಕ್ಕೆ ಎಷ್ಟು ನಂಬಿದ್ದಿರಿ, ಮುಚ್ಚಿಕೊಳ್ಳಲು ಏನು ಮಾಡಿದಿರಿ, ನಿಜವಾಗಿ ಏನಾಯಿತು, ಆ ರಾತ್ರಿ ಮಲಗಿ ಅದನ್ನೇ ಎಷ್ಟು ಹೊತ್ತು ಜಗಿದಿರಿ. ಕೊನೆಯದ್ದನ್ನು ಬಿಡಬೇಡಿ, ಕಾಯಿಲೆಗೆ ಗೊಬ್ಬರ ಬೀಳುವುದು ಅಲ್ಲೇ. ಗುರಿ ಬರೆಯುವಾಗ 'ಕಾನ್ಫಿಡೆನ್ಸ್ ಬರಬೇಕು' ಅಂತ ಬರೆದರೆ ಥೆರಪಿಸ್ಟ್‌ಗೆ ಏನೂ ಸಿಗಲ್ಲ. 'ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ನೀರಿನ ಬಗ್ಗೆ ಒಂದು ಪ್ರಶ್ನೆ ಕೇಳಬೇಕು' ಅಂದರೆ ಅದಕ್ಕೆ ಮೆಟ್ಟಿಲು ಕಟ್ಟಬಹುದು. ಬಾಯಿ ಬರದಿದ್ದರೆ ಪುಸ್ತಕವನ್ನೇ ಮುಂದಿಟ್ಟು 'ಓದಿ ಸರ್' ಅನ್ನಿ. ಕುಡಿದರೆ ಮಾತ್ರ ಜನರ ಜೊತೆ ಇರಲು ಆಗುತ್ತದೆ ಅಂತಿದ್ದರೆ ಅದನ್ನೂ ಬರೆಯಿರಿ. ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯುವುದು ಬೇಡ, ಇವತ್ತೇ ನಂಬಿಕೆಯವರೊಬ್ಬರಿಗೆ ತಿಳಿಸಿ, 14416ಕ್ಕೆ ಫೋನ್ ಮಾಡಿ ಅಥವಾ ಆಸ್ಪತ್ರೆಗೆ ಹೋಗಿ.

ಈಗ ಪುಸ್ತಕಗಳು ಅಷ್ಟಾಗಿ ಹೇಳದ ವಿಷಯ. ಹೊಳಲ್ಕೆರೆ ಕಡೆಯ ಒಂದು ಕಾಲೋನಿಯಿಂದ ಮೊದಲ ಸಲ ಡಿಗ್ರಿಗೆ ಬಂದ ಹುಡುಗಿ ಅಂತಿಟ್ಟುಕೊಳ್ಳಿ. 'ಯಾವೂರಮ್ಮ? ಯಾರ ಪೈಕಿ?' ಅಂತ ಕೇಳಿದಾಗ ಅವಳ ಗಂಟಲು ಕಟ್ಟುತ್ತದೆ. ಉತ್ತರ ಕೇಳಿ ಮುಖ ಬದಲಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಇದನ್ನು 'ತಪ್ಪು ಯೋಚನೆ' ಅಂತ ಬರೆದುಕೊಳ್ಳುವ ಥೆರಪಿಸ್ಟ್‌ಗೆ ಜಾತಿ ಅರ್ಥವಾಗಿಲ್ಲ. ಹಾಗಂತ ನಮ್ಮ ಚಳವಳಿಯ ಗೆಳೆಯರು ಹೇಳುವ 'ಎಲ್ಲ ವ್ಯವಸ್ಥೆಯ ತಪ್ಪು, ಥೆರಪಿ ಯಾಕೆ' ಎಂಬ ಮಾತೂ ಅವಳಿಗೆ ನೆರವಾಗಲ್ಲ. ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿ. ಒಂದರಲ್ಲಿ 'ನನಗೆ ನಡೆದದ್ದು', ಇನ್ನೊಂದರಲ್ಲಿ 'ನಡೆಯುತ್ತೆ ಅಂತ ಅನ್ನಿಸುವುದು'. ಲೆಕ್ಚರರ್ ಇಂಗ್ಲಿಷ್ ಉಚ್ಚಾರಣೆ ಆಡಿಕೊಂಡು ನಕ್ಕದ್ದು ಮೊದಲನೆಯದರಲ್ಲಿ. ಇನ್ನು ಮುಂದೆ ಯಾವ ಕ್ಲಾಸಲ್ಲಿ ಬಾಯಿ ತೆರೆದರೂ ಎಲ್ಲರೂ ನಗ್ತಾರೆ ಅನ್ನುವುದು ಎರಡನೆಯದರಲ್ಲಿ. ಸಿಬಿಟಿಯ ಪ್ರಯೋಗಗಳು ಎರಡನೇ ಕಾಲಂಗೆ. ಮೊದಲನೆಯದಕ್ಕೆ ದೂರು, ಸಂಘಟನೆ, ಕಾನೂನು ಬೇಕು. ಮೊದಲ ಭೇಟಿಯಲ್ಲೇ ಎರಡೂ ಕಾಲಂ ತೋರಿಸಿ, ಮೊದಲನೆಯದನ್ನು ಥೆರಪಿಸ್ಟ್ ಹೇಗೆ ಕೇಳಿಸಿಕೊಳ್ಳುತ್ತಾರೆ ನೋಡಿ. ಅಲ್ಲಗಳೆದರೆ ಬೇರೆಯವರನ್ನು ಹುಡುಕುವ ಹಕ್ಕು ನಿಮಗಿದೆ.

ಎಲ್ಲಿ ಹುಡುಕುವುದು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಡಾಕ್ಟರು ಮಾತ್ರೆ ಬರೆದರೆ ಬೇಸರ ಬೇಡ, ಕೆಲವರಿಗೆ ಅದೂ ಬೇಕು. ಆದರೆ 'ಸಿಬಿಟಿ ಮಾಡುವವರು ಇದ್ದಾರಾ?' ಅಂತ ಬಾಯಿಬಿಟ್ಟು ಕೇಳಿ, ಇಲ್ಲವೇ ಚೀಟಿ ಕೊಡಿ. ಖಾಸಗಿಯಾದರೆ ಆರ್‌ಸಿಐ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೋ ಅಲ್ಲವೋ ನೋಡಿ. ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಇದನ್ನು ಕಲಿತಿರುವುದಿಲ್ಲ.

ಕ್ಲಾರ್ಕ್ ಮಾದರಿಯಲ್ಲಿ ಒಂದೂವರೆ ಗಂಟೆಯ 14 ಸೆಷನ್, ಸುಮಾರು ನಾಲ್ಕು ತಿಂಗಳು. ಹಿರಿಯೂರಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಸುಮಾರು 160 ಕಿ.ಮೀ. 14 ಸಲ ಹೋಗಿಬರುವುದೆಂದರೆ 14 ದಿನದ ಕೂಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸರ್ಕಾರಿ ಸೇವೆ ಮನೆಗೆ ಹತ್ತಿರದಲ್ಲೇ ಸಿಗಬೇಕು, ದೂರ ಅಲೆಸಬಾರದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ಕಂಡದ್ದು ಬೇರೆಯೇ: ಬೇರೆಬೇರೆ ಮಾನಸಿಕ ಕಾಯಿಲೆಗಳಲ್ಲಿ 70ರಿಂದ 92 ಶೇಕಡಾ ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ತಾಲ್ಲೂಕಿಗೊಬ್ಬ ಸಿಬಿಟಿ ಬಲ್ಲ ಸೈಕಾಲಜಿಸ್ಟ್ ಬೇಕು ಅನ್ನುವುದು ನಮ್ಮ ಬೇಡಿಕೆ ಪಟ್ಟಿಗಳಲ್ಲಿ ಯಾಕೆ ಇನ್ನೂ ಸೇರಿಲ್ಲ?

ಸದ್ಯಕ್ಕೆ ಎರಡು ಮೂರು ಸಲ ನೇರ ಹೋಗಿ, ಉಳಿದದ್ದು ವಿಡಿಯೋ ಕಾಲ್‌ನಲ್ಲಿ ಆಗುತ್ತಾ ಅಂತ ಕೇಳಿ. ಒಂದೇ ಕೋಣೆಯ ಮನೆಯಾದರೆ ತೋಟದ ಪಂಪ್‌ಸೆಟ್ ಮನೆಯೋ ಗೆಳತಿಯ ಮನೆಯೋ ಜಾಗ ಗೊತ್ತು ಮಾಡಿಕೊಳ್ಳಿ, ಅಲ್ಲಿ ನೆಟ್‌ವರ್ಕ್ ಸಿಗುತ್ತಾ ಅಂತ ಹಿಂದಿನ ದಿನವೇ ನೋಡಿ. ಊರಿಗೆ ಗೊತ್ತಾಗುತ್ತೆ ಅನ್ನುವ ಹೆದರಿಕೆ ಇದ್ದರೆ, ನಿಮ್ಮ ವಿಷಯ ಗುಟ್ಟಾಗಿಡುವುದು ಅದೇ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅವರ ಕರ್ತವ್ಯ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಮಾತ್ರ ಇದಕ್ಕೆ ಹೊರತು.

ಇನ್ನೊಂದು ಮಾತನ್ನು ಮೊದಲ ದಿನವೇ ಥೆರಪಿಸ್ಟ್‌ಗೆ ಹೇಳಿಬಿಡಿ: 'ಮೂರ್ನಾಲ್ಕನೇ ವಾರ ಹೊಟ್ಟೆನೋವು, ಬಸ್ ಸಿಗಲಿಲ್ಲ ಅಂತ ನಾನು ಮೆಸೇಜ್ ಹಾಕಬಹುದು. ಆಗ ಬಿಟ್ಟುಬಿಡಬೇಡಿ, ಒಂದು ಸಲ ಫೋನ್ ಮಾಡಿ.' ಸಾಮಾನ್ಯವಾಗಿ ಆ ಹೊತ್ತಿಗೆ ರೂಮಿನ ಮಾತು ಮುಗಿದು, ಹೊರಗೆ ಹೋಗಿ ಅಂಗಡಿಯಲ್ಲೋ ಬಸ್ಸಲ್ಲೋ ಪ್ರಯೋಗ ಮಾಡುವ ಪಾಳಿ ಬಂದಿರುತ್ತದೆ.