ಕಂಟೇನರ್ ಒಳಗಿನ ಟೆಲಿಪ್ರಿಂಟರ್

ನೋಯ್ಡಾ ಸೆಕ್ಟರ್ 62ರ ಕಚೇರಿಯಲ್ಲಿ ಒಂದು ರಾತ್ರಿ, ಡಾಕರ್ ಕಂಟೇನರ್ ಒಳಗೆ ನಾನು ತೆರೆದಿದ್ದ ಶೆಲ್ ಗರಬಡಿದಂತೆ ನಿಂತುಬಿಟ್ಟಿತು. ಕೀಲಿ ಒತ್ತಿದರೆ ಅಕ್ಷರ ಮೂಡದು. ಕಡತಗಳ ಪಟ್ಟಿ ಕೇಳಲು ಎಲ್‌ಎಸ್ ಎಂದು ಟೈಪಿಸಿ ಎಂಟರ್ ಕುಟ್ಟಿದೆ. ಉತ್ತರವಿಲ್ಲ. ಮತ್ತೆ ಕುಟ್ಟಿದೆ.

ಪಕ್ಕದ ಮೇಜಿನ ಧಾರವಾಡದ ಹುಡುಗ ಇಣುಕಿ ನೋಡಿ, "ಕಿತ್ತು ಒಗೀರಿ ಸರ್, ಹೊಸಾದು ಎಬ್ಬಿಸೋಣು" ಎಂದ. ನಮ್ಮ ಕಸುಬಿನಲ್ಲಿ ಇದು ಅರ್ಧ ಕಾಯಿಲೆಗಳಿಗೆ ಮದ್ದು. ಆದರೆ ರೋಗ ಯಾವುದೆಂದು ಮಾತ್ರ ತಿಳಿಯುವುದಿಲ್ಲ.

ತುಘಲಕಾಬಾದ್ ಡಿಪೋದಲ್ಲಿ ಪೇರಿಸಿಟ್ಟ ಕಬ್ಬಿಣದ ಪೆಟ್ಟಿಗೆಗಳ ಹೆಸರನ್ನೇ ಪ್ರೋಗ್ರಾಮುಗಳನ್ನು ಬೇರೆಬೇರೆಯಾಗಿ ಓಡಿಸುವ ಡಾಕರ್ ಕಂಟೇನರಿಗೂ ಇಟ್ಟಿದ್ದಾರೆ. ಆದರೆ ಈ ಪೆಟ್ಟಿಗೆಗೆ ಗೋಡೆಗಳುಂಟು, ತಳವಿಲ್ಲ. ತಳದಲ್ಲಿರುವುದು ಎಲ್ಲ ಕಂಟೇನರ್‌ಗಳಿಗೂ ಸೇರಿದ ಒಂದೇ ಲಿನಕ್ಸ್ ಕರ್ನಲ್. ಹಾಗಾಗಿ ಒಳಗಿನ ಪ್ರತಿ ಪ್ರೋಸೆಸ್ಸೂ ಹೊರಗಿನ ಯಂತ್ರದಿಂದ ಕಾಣುತ್ತದೆ, ಬೇರೆ ಸಂಖ್ಯೆಯಲ್ಲಿ. ಒಳಗೆ ಒಂದನೇ ನಂಬರಿನದು ಹೊರಗೆ ಹತ್ತೋ ಹದಿನೈದೋ ಸಾವಿರದ್ದಾಗಿರಬಹುದು. ಆ ಒಂದನೇ ನಂಬರಿನ ಗತ್ತೇ ಬೇರೆ: ಒಳಗಿನಿಂದ ಕಿಲ್ -9 ಹೊಡೆದರೂ ಅದು ಸಾಯುವುದಿಲ್ಲ, ಹೊರಗಿನಿಂದ ಹೊಡೆದರೆ ಸಾಯುತ್ತದೆ.

ಇನ್ನೊಂದು ಕಿಟಕಿ ತೆರೆದು ಹೊರಗಿನಿಂದ ಪ್ರೋಸೆಸ್ಸುಗಳ ಪಟ್ಟಿ ತೋರುವ ಪಿಎಸ್ ಹಾಕಿ ನೋಡಿದೆ. ಸ್ಥಿತಿಯ ಕಾಲಮ್ಮಿನಲ್ಲಿ 'ಡಿ' ಇದ್ದರೆ ಡಿಸ್ಕನ್ನೋ ನೆಟ್‌ವರ್ಕ್ ಸ್ಟೋರೇಜನ್ನೋ ಕಾಯುತ್ತ ಕರ್ನಲ್ ಒಳಗೆ ಸಿಕ್ಕಿಕೊಂಡಿದೆ ಎಂದರ್ಥ. ಸಾಮಾನ್ಯವಾಗಿ ಅದಕ್ಕೆ ಕಿಲ್ ಕೂಡ ನಾಟುವುದಿಲ್ಲ, ಸ್ಟೋರೇಜನ್ನೇ ವಿಚಾರಿಸಬೇಕು. ನನ್ನ ಶೆಲ್ ಎದುರು ಇದ್ದದ್ದು 'ಎಸ್'. ಬರೀ ನಿದ್ದೆ. ಯಾರು ಮಲಗಿಸಿದರು?

ನಾನೇ. ಆಫೀಸಿನ ಕಡತಗಳನ್ನು ಗಳಿಗೆಗೊಮ್ಮೆ ಸೇವ್ ಮಾಡುವ ಚಟದಲ್ಲಿ ಬೆರಳು ಕಂಟ್ರೋಲ್-ಎಸ್ ಒತ್ತಿತ್ತು. ಟರ್ಮಿನಲ್‌ನಲ್ಲಿ ಅದಕ್ಕೆ 'ಕಳಿಸುವುದನ್ನು ನಿಲ್ಲಿಸು' ಎಂಬ ಅರ್ಥ. 1963ರ ಟೆಲಿಪ್ರಿಂಟರ್ ಆದ ಮಾಡೆಲ್ 33 ಟೆಲಿಟೈಪ್‌ನಲ್ಲಿ ತೂತು ಕೊರೆದ ಕಾಗದದ ಪಟ್ಟಿಯನ್ನು ಓದುವ ಭಾಗವನ್ನು ನಿಲ್ಲಿಸುತ್ತಿದ್ದ ಸಂಕೇತವೂ ಇದೇ. ಕಂಟ್ರೋಲ್-ಕ್ಯೂ ಅದನ್ನು ಮತ್ತೆ ಓಡಿಸುತ್ತಿತ್ತು. ಲಿನಕ್ಸ್‌ನಲ್ಲಿ ಟರ್ಮಿನಲ್ಲಿಗೆ ಟಿಟಿವೈ ಎನ್ನುವುದೂ ಟೆಲಿಟೈಪ್‌ನ ಚುಟುಕು ಹೆಸರೇ. ಇಂಥ ಯಂತ್ರಗಳೇ ಒಮ್ಮೆ ಹೊತ್ತೊಯ್ಯುತ್ತಿದ್ದ ತಂತಿಯ (ಟೆಲಿಗ್ರಾಂ) ಸೇವೆ ನಿಲ್ಲುವಾಗ, ದೆಹಲಿಯ ಜನಪಥದ ತಾರ್ ಆಫೀಸಿನಲ್ಲಿ ಜನ ಕೊನೆಯ ತಂತಿ ಕಳಿಸಲು ಮುಗಿಬಿದ್ದದ್ದು 2013ರ ಜುಲೈ 14ರಂದು. ಡಾಕರ್ ಹೊರಬಂದದ್ದೂ ಅದೇ ವರ್ಷ ಮಾರ್ಚ್‌ನಲ್ಲಿ. ತಂತಿ ಹೋಯಿತು, ತಂತಿಯಂತ್ರದ ಕೀಲಿ ಹೊಸ ಪೆಟ್ಟಿಗೆಯೊಳಗೆ ಉಳಿದುಕೊಂಡಿತು.

ಡಾಕರ್ ತನ್ನದೂ ಒಂದು ಕೊಕ್ಕೆ ಸೇರಿಸಿದೆ: ಕಂಟ್ರೋಲ್-ಪಿ ಆಮೇಲೆ ಕಂಟ್ರೋಲ್-ಕ್ಯೂ ಒತ್ತಿದರೆ ಕಂಟೇನರಿನಿಂದ ಹೊರಬೀಳುತ್ತೀರಿ. ಅದಕ್ಕೇ ಹಿಂದಿನ ಆದೇಶ ಬೇಕೆಂದು ಬರೀ ಕಂಟ್ರೋಲ್-ಪಿ ಒತ್ತಿದರೆ ಏನೂ ಆಗದು. ಮುಂದಿನ ಕೀಲಿ ಯಾವುದೆಂದು ಡಾಕರ್ ಕಾಯುತ್ತಿರುತ್ತದೆ.

ನಾನು ಬರೀ ಕಂಟ್ರೋಲ್-ಕ್ಯೂ ಒತ್ತಿದೆ. ಅಷ್ಟು ಹೊತ್ತು ಕುಟ್ಟಿದ್ದ ಎಲ್‌ಎಸ್‌ಗಳೆಲ್ಲ ಒಂದರ ಹಿಂದೊಂದು ಓಡಿ, ಅದೇ ಕಡತಗಳ ಪಟ್ಟಿ ಏಳು ಸಲ ಪರದೆ ಮೇಲೆ ಸುರಿಯಿತು. "ನಡುವ ಆರ್‌ಎಂ ಏನರ ಹೊಡದಿರೇನ್ರಿ ಸರ್?" ಎಂದ ಹುಡುಗ. ಕಡತ ಅಳಿಸುವ ಆ ಆದೇಶ ಹೊಡೆದಿರಲಿಲ್ಲ, ಪುಣ್ಯ.