ಚಿಲ್ಲರೆ ಚೀಲದಲ್ಲಿ ಸಂಪತ್ತು ಬೆಳೆದೀತೇ?

ಸಂತ ಅಲ್ಫೋನ್ಸಾರ ಜನ್ಮಶತಾಬ್ದಿಯ ನೆನಪಿಗೆ ಭಾರತ ಸರ್ಕಾರ 2009ರಲ್ಲಿ 5 ಮತ್ತು 100 ರೂಪಾಯಿಯ ನಾಣ್ಯಗಳನ್ನು ಹೊರತಂದಿತು. ನಮ್ಮ ಕೇರಳದ ಮಗಳ ಮುಖ ನಾಣ್ಯದ ಮೇಲೆ! ಸಂತೋಷಪಡದವರು ಯಾರು? ಆದರೆ ಇಂಥ ಹೊಸ ನಾಣ್ಯ ಬಂದಾಗಲೆಲ್ಲ, 'ಚೀಲಗಟ್ಟಲೆ ಕೊಂಡಿಡೋಣ, ಮಕ್ಕಳ ಮದುವೆ ಹೊತ್ತಿಗೆ ಬೆಲೆ ಏರೀತು' ಎಂಬ ಆಸೆಯೂ ನಮ್ಮಲ್ಲಿ ಹುಟ್ಟುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

5 ರೂಪಾಯಿಯ 1000 ನಾಣ್ಯ ಕೂಡಿಟ್ಟರೆ 5000 ರೂಪಾಯಿ ಪೆಟ್ಟಿಗೆ ಸೇರಿತು. ಅದೇ ಹಣಕ್ಕೆ ಶೇಕಡಾ 7ರ ಚಕ್ರಬಡ್ಡಿ ಸಿಕ್ಕರೆ ಹತ್ತು ವರ್ಷದಲ್ಲಿ ಹತ್ತಿರಹತ್ತಿರ ಇಮ್ಮಡಿ. ಪೆಟ್ಟಿಗೆಯ ನಾಣ್ಯ ಮರಿ ಹಾಕುವುದಿಲ್ಲ. ಬೆಲೆ ಏರುವುದು ವಸ್ತು ವಿರಳವಾದಾಗ. ಎಲ್ಲರೂ ಕೂಡಿಟ್ಟದ್ದು ವಿರಳವಾಗುವುದು ಹೇಗೆ? ನಾಣ್ಯ ಸಂಗ್ರಹಿಸುವವರಿಗೆ ಬೇಕಾದದ್ದು ಒಂದೋ ಎರಡೋ, ಸಾವಿರವಲ್ಲ.

ಅಂಗಡಿಗೆ ಕೊಟ್ಟು ಮುಗಿಸೋಣವೆಂದರೆ, 2011ರ ನಾಣ್ಯ ಕಾಯಿದೆಯ ಪ್ರಕಾರ ಇಂಥ ನಾಣ್ಯಗಳು 1000 ರೂಪಾಯಿವರೆಗಿನ ಪಾವತಿಗೆ ಮಾತ್ರ ಕಾನೂನುಬದ್ಧ ಹಣ. ಕರಗಿಸುವುದಂತೂ ಅಪರಾಧ. ಬ್ಯಾಂಕಿಗೆ ಹೊತ್ತೊಯ್ದರೆ ಸಿಗುವುದು ಅದೇ 5000. ಇನ್ನು, ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯಗಳ ವ್ಯವಹಾರಕ್ಕೆ ಶುಲ್ಕ ಕೇಳುವ ಮೋಸಗಾರರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲೇ ಎಚ್ಚರಿಸಿದೆ.

ಹಾಗಾದರೆ ನಾಣ್ಯ ಬೇಡವೇ? ಬೇಕು, ಒಂದೇ ಒಂದು. ಅದನ್ನು ಮಕ್ಕಳ ಅಂಗೈಯಲ್ಲಿಟ್ಟು ಅಲ್ಫೋನ್ಸಾರ ಕಥೆ ಹೇಳೋಣ. ಉಳಿದ ಹಣ ಅವರ ಓದಿಗಾಗಿ ಬ್ಯಾಂಕಿನಲ್ಲಿ ಬೆಳೆಯಲಿ.